ಮನಗೂಳಿ ದಾರಿಯ ಕಾಲ್ಮಡಿ

ತಂಗಿಯನ್ನು ನಾಗರಪಂಚಮಿಗೆ ಕರೆತರದೆ ಝಳಕಿಯ ಖಂಡೆಪ್ಪ ಎರಡು ಶ್ರಾವಣ ಕಳೆದಿದ್ದ. ಮೂರನೆಯದು ಹತ್ತಿರ ಬಂದಾಗ ಮನಗೂಳಿಯಿಂದ ಒಂದು ಮಾತು ಬಂತು. ತಂದವಳು ಅವನ ಗೆಳೆಯ ಗುಡುಸಾಬನ ಮಗಳು ನಜಮಾ. ಅವಳನ್ನು ಮನಗೂಳಿಗೆ ಕೊಟ್ಟಿದ್ದರು. ಖಂಡೆಪ್ಪನ ತಂಗಿ ರುಕ್ಮವ್ವನ ಮನೆಯೂ ಅದೇ ಓಣಿಯಲ್ಲಿತ್ತು.

"ಕಾಕಾ, ಸಿಟ್ಟಾಗಬ್ಯಾಡ್ರಿ. ರುಕ್ಮವ್ವತ್ತಿ ಹೇಳಿದ್ದನ್ನ ಹೇಳಾಕತ್ತೇನಿ" ಅಂದಳು ನಜಮಾ. "ಅಣ್ಣಗ ನಾ ಬ್ಯಾಡಾಗಿದ್ರ ಬಾಯಿಬಿಟ್ಟು ಹೇಳಲಿ. ಈ ಸಲ ಹುತ್ತಕ್ಕ ಹಾಲ ಹಾಕೂವಾಗ ಅಣ್ಣನ ಪಾಲು ಅನ್ನೂದು ಬಿಡ್ತೇನಿ, ಆಮ್ಯಾಗ ಝಳಕಿ ದಾರಿ ತುಳಿಯಂಗಿಲ್ಲ ಅಂದಾಳ್ರಿ."

ನಮ್ಮ ಕಡೆ ಹೆಣ್ಣುಮಕ್ಕಳು ನಾಗಪ್ಪನಿಗೆ ಹಾಲೆರೆಯುವಾಗ ಒಬ್ಬೊಬ್ಬರ ಹೆಸರಿನಲ್ಲಿ ಒಂದೊಂದು ಹನಿ ಹಾಕುತ್ತಾರೆ. ದೇವರ ಪಾಲು, ಗುರುವಿನ ಪಾಲು, ಅಪ್ಪನ ಪಾಲು, ಅಣ್ಣನ ಪಾಲು. ಸತ್ತವರ ಪಾಲನ್ನೂ ಬಿಡುವುದಿಲ್ಲ. ಬದುಕಿರುವ ಅಣ್ಣನ ಪಾಲನ್ನು ಬಿಡುತ್ತೇನೆ ಅಂದರೆ ಅದು ಸಣ್ಣ ಮಾತಲ್ಲ. ಖಂಡೆಪ್ಪ ಪಡಸಾಲೆಯ ಕಂಬಕ್ಕೆ ಆತು ಕುಂತವನು ಎದ್ದು ಹಿತ್ತಲಿಗೆ ಹೋದ. ಅವನ ಹೆಂಡತಿ ಶೇವಂತೆವ್ವ ನಜಮಾಳ ಕಡೆ ನೋಡಿ, "ಈಗರೆ ಹೋಗಿ ಬಂದಿದ್ರವ್ವಾ. ಮತ್ತ ಹೋದ್ರು" ಎಂದು ಸಣ್ಣ ದನಿಯಲ್ಲಿ ಅಂದಳು.

ಅದೇ ಅವನ ಬೇನೆ. ಹೋಗಬೇಕು ಅನಿಸುತ್ತಿತ್ತು, ಹೋದರೆ ಬರುತ್ತಿರಲಿಲ್ಲ. ಹೊಟ್ಟೆಯ ಕೆಳಗೆ ಬಿಗಿದುಕೊಂಡು ಹನಿಹನಿಯಾಗಿ ಒಂದಿಷ್ಟು ಬಂದು ನಿಂತುಬಿಡುತ್ತಿತ್ತು. ಮುಗಿಯಿತೆಂದು ಧೋತರ ಸರಿಮಾಡಿಕೊಂಡು ಬಂದು ಕುಂತರೆ ಮತ್ತೆ ಅದೇ ಅವಸರ. ಬಿಜಾಪುರದ ಡಾಕ್ಟರರು ನೋಡಿ, "ಮೂತ್ರಚೀಲದ ಬಾಯಾಗ ಒಂದು ಗ್ರಂಥಿ ಇರತೈತಿ. ವಯಸ್ಸಾದ ಗಂಡಸರಿಗೆ ಅದು ದಪ್ಪಾಗಿ ದಾರಿ ಕಟ್ಟತೈತಿ. ಮುಂದ ಆಪರೇಶನ್ ಬೇಕಾಗಬಹುದು, ತೋರಸ್ಕೊಂತ ಇರ್ರಿ" ಎಂದಿದ್ದರು. ಆಪರೇಶನ್ ಅಂದ ಮೇಲೆ ಖಂಡೆಪ್ಪ ಆ ಕಡೆ ಹಾಯಲೇ ಇಲ್ಲ. ಸಿಂದಗಿ ಕಡೆಯ ಒಬ್ಬ ವೈದ್ಯನ ಹತ್ತಿರ ನೆಗ್ಗಿಲಮುಳ್ಳಿನ ಕಷಾಯ ತಂದು ಕುಡಿದ. ಕಷಾಯ ಕುಡಿದಾಗ ಇನ್ನಷ್ಟು ಸಲ ಹೋಗಬೇಕಾಗುತ್ತಿತ್ತು, ಅಷ್ಟೇ.

ಎರಡು ವರ್ಷದ ಹಿಂದೆ ಪಂಚಮಿಗೆ ಮುಂಚೆ ಅವನು ತಂಗಿಯನ್ನು ಕರೆಯಲು ಹೊರಟದ್ದು ನಿಜ. ಶೇವಂತೆವ್ವ ಶೇಂಗಾದ ಉಂಡಿ, ಎಳ್ಳುಂಡಿ, ತಂಬಿಟ್ಟು ಮಾಡಿ, ಒಂದು ಇಳಕಲ್ ಸೀರೆ ಇಟ್ಟು ಗಂಟು ಕಟ್ಟಿಕೊಟ್ಟಿದ್ದಳು. ಬಿಜಾಪುರದಲ್ಲಿ ಬಸ್ಸು ಬದಲಿಸಿ ಮನಗೂಳಿಯ ಬಸ್ಸು ಹತ್ತಿ, ಗಂಟು ಸೀಟಿನ ಮೇಲಿಟ್ಟು, ಕಂಡಕ್ಟರನಿಗೆ ಹೇಳಿ ಇಳಿದ. ಬಸ್‌ಸ್ಟ್ಯಾಂಡಿನ ಗೋಡೆಗೆ ಗಂಡಸರು ಸಾಲುಗಟ್ಟಿ ನಿಂತಿದ್ದರು. ಇವನೂ ನಿಂತ. ಆ ಕಡೆಯವನು ಮುಗಿಸಿ ಹೋದ, ಈ ಕಡೆಯವನು ಮುಗಿಸಿ ಹೋದ, ಅವರ ಜಾಗಕ್ಕೆ ಬಂದವರೂ ಮುಗಿಸಿ ಹೋದರು. ಹಿಂದೆ ನಿಂತವನೊಬ್ಬ, "ಯಜಮಾನ್ರ, ಗ್ವಾಡಿ ಬೀಳದಂಗ ಹಿಡದ ನಿಂತೀರೇನ್ರಿ?" ಅಂದ. ನಾಲ್ಕು ಮಂದಿ ನಕ್ಕರು. ಬರುತ್ತಿದ್ದ ಹನಿಯೂ ನಿಂತಿತು. ಅಷ್ಟರಲ್ಲಿ ಕಂಡಕ್ಟರ್ ಸೀಟಿ ಊದಿದ. ತಿರುಗಿ ನೋಡುವಷ್ಟರಲ್ಲಿ ಬಸ್ಸು ಗೇಟು ದಾಟಿತ್ತು, ಗಂಟಿನ ಸಮೇತ.

ಬರಿಗೈಲಿ ತಂಗಿಯ ಮನೆಗೆ ಹೋಗುವುದು ಹೆಂಗೆ? ಹೋದರೂ ಗಂಟು ಹೆಂಗೆ ಕಳೆಯಿತು ಎಂದು ಏನಂತ ಹೇಳುವುದು? ಅವನು ಊರಿಗೆ ತಿರುಗಿದ. ಹೆಂಡತಿಗೆ ಗಂಟು ಕಳೆಯಿತು ಅಂದ. ಮರುವರ್ಷ ಮೊಣಕಾಲಿನ ಹೆಸರು ಹೇಳಿ ಕುಂತ. ಆ ವರ್ಷವೂ ರುಕ್ಮವ್ವ ಪಂಚಮಿಯ ಹಿಂದಿನ ದಿನದ ತನಕ ಓಣಿಯ ತುದಿಗೆ ಹೋಗಿ ಬಸ್ಸು ನೋಡಿ ಬಂದಳಂತೆ. ಅದನ್ನೂ ನಜಮಾಳೇ ಹೇಳಿದಳು. ಹೇಳಬಾರದಿತ್ತು ಅನಿಸಿತೋ ಏನೋ, ಅಲ್ಲಿಗೇ ನಿಲ್ಲಿಸಿದಳು.

ನಜಮಾ ಬಸ್ಸಿಗೆ ತಿರುಗಿ ಹೋದಳು. ಅವಳಿಗೆ ಕೊಡಬೇಕೆಂದಿದ್ದ ಜೋಳದ ಚೀಲ ಮತ್ತು ಹೊಸ ಹೊರಸು ಮಂಚ ಗಾಡಿಯಲ್ಲಿ ಹೋಗಬೇಕಿತ್ತು. ಗುಡುಸಾಬ ಗಾಡಿಗೆ ಎಣ್ಣೆ ಹಾಕುತ್ತ ಖಂಡೆಪ್ಪನನ್ನು ಕರೆದ.

"ಗಾಡ್ಯಾಗ ಬಾರೊ ದೋಸ್ತ. ನಡುದಾರ್ಯಾಗ ಒಂದು ವಸ್ತಿ ಮಾಡಿದ್ರಾತು. ನನ್ನ ಎತ್ತಿಗೆ ಸೀಟಿ ಊದೂ ಕಂಡಕ್ಟರ್ ಇಲ್ಲ."

ಖಂಡೆಪ್ಪ ಅವನ ಮುಖ ನೋಡಿದ. ಬಸ್ಸಿನ ಸಂಗತಿ ಯಾರಿಗೂ ಹೇಳಿರಲಿಲ್ಲ.

"ನಿನಗ್ಯಾರ ಹೇಳಿದ್ರು?"

"ಯಾರೂ ಹೇಳಿಲ್ಲ. ನಮ್ಮ ಹೊಲದ ಬದುವಿಗೆ ನೀ ನಿಂತದ್ದು ನೋಡೇನಿ. ನಾ ಒಂದು ಸಾಲು ಎಡಿ ಹೊಡದು ತಿರುಗಿ ಬಂದ್ರೂ ನೀ ಅಲ್ಲೇ ಇರ್ತಿ."

ರಾಜ್ಯಕ್ಕೆ ಕರ್ನಾಟಕ ಅಂತ ಹೆಸರಿಟ್ಟು ಒಂದೆರಡು ವರ್ಷವಾಗಿದ್ದ ಕಾಲ ಅದು. ದೊಡ್ಡ ರಸ್ತೆಯಲ್ಲಿ ಸೊಲ್ಲಾಪುರದ ಲಾರಿಗಳು ಧೂಳೆಬ್ಬಿಸಿ ಹೋಗುತ್ತಿದ್ದವು. ಆದರೂ ಗಾಡಿಗಳಿಗೆ ರಸ್ತೆಯ ಬದಿಯಲ್ಲಿ ಇನ್ನೂ ಜಾಗವಿತ್ತು. ಹೊಲದಲ್ಲಿ ಹೆಸರಿನ ಬೆಳೆ ಹೂ ಬಿಟ್ಟಿತ್ತು. ಮೋಡ ಹರಿದು ಹರಿದು ಬಿಸಿಲು ಬೀಳುತ್ತಿತ್ತು. ಹೊಸ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಖಂಡೆಪ್ಪ ಹೊರಸಿನ ಕಾಲಿಗೆ ಆತು ಕುಂತ. ಗಾಡಿಯ ಓಲಾಟಕ್ಕೆ ಹಳೆಯದೆಲ್ಲ ತಾನೇ ಬಂತು.

ಅವನ ಅಪ್ಪ ಇದೇ ದಾರಿಯಲ್ಲಿ ಸೋದರತ್ತೆಯನ್ನು ಪಂಚಮಿಗೆ ಕರೆಯಲು ಹೋಗುತ್ತಿದ್ದ. ಖಂಡೆಪ್ಪ, ರುಕ್ಮವ್ವ ಇಬ್ಬರೂ ಸಣ್ಣವರು, ಬೇಡವೆಂದರೂ ಕೇಳದೆ ಗಾಡಿ ಏರುತ್ತಿದ್ದರು. ರುಕ್ಮವ್ವ ದಾರಿಯ ಬಾವಿಗಳಿಗೆಲ್ಲ ತನ್ನದೇ ಹೆಸರಿಟ್ಟಿದ್ದಳು. ಕಪ್ಪೆ ಬಾವಿ, ಸಿಟ್ಟಿನ ಮುದುಕಿ ಬಾವಿ, ಬೆಲ್ಲದ ನೀರಿನ ಬಾವಿ. ಅಪ್ಪ ಎಲ್ಲಿ ಬೇಕಲ್ಲಿ ಕೊಳ್ಳು ಹರಿದು, ನೊಗ ಬಿಚ್ಚಿದ ಎತ್ತಿಗೆ ನೀರು ಕುಡಿಸಿ, ತಾನು ತಂಬಿಗೆ ಹಿಡಿದು ಜಾಲಿಯ ಮರೆಗೆ ಹೋಗಿ ಕುಂತು ಬರುತ್ತಿದ್ದ. ಅವಸರ ಎಂಬುದೇ ಇರಲಿಲ್ಲ. ಗಂಡಸರೆಲ್ಲ ಕಾಲ್ಮಡಿಗೆ ಕುಂಡ್ರುವ ಕಾಲ ಅದು.

ಖಂಡೆಪ್ಪ ನಿಲ್ಲುವುದನ್ನು ಕಲಿತದ್ದು ಇಂಡಿ ಊರಿನಲ್ಲಿ. ಕಚೇರಿಯಲ್ಲಿ ಪಟ್ಟೇವಾಲಾನ, ಅಂದರೆ ಜವಾನನ, ನೌಕರಿ ಹತ್ತಿದಾಗ ಖಾಕಿ ಪಾಟ್ಲೂನು ಕೊಟ್ಟರು, ಎದೆಯ ಮೇಲೆ ಅಡ್ಡಪಟ್ಟಾ, ಪಟ್ಟಾಕ್ಕೆ ಹಿತ್ತಾಳೆಯ ಬಿಲ್ಲೆ. ಕುಂಡ್ರಬೇಕೆಂದರೆ ಅರ್ಧ ಸಂಸಾರವನ್ನೇ ಬಿಚ್ಚಬೇಕಿತ್ತು. ಒಳಗೆ ಸಾಹೇಬರ ಗಂಟೆ ಯಾವಾಗ ಹೊಡೆಯುತ್ತದೋ ಗೊತ್ತಿಲ್ಲ. ಎಲ್ಲ ಪಟ್ಟೇವಾಲಾಗಳೂ ನಿಂತೇ ಮುಗಿಸುತ್ತಿದ್ದರು, ಇವನೂ ನಿಂತ. ರಜೆಗೆ ಊರಿಗೆ ಬಂದಾಗ ಕೊಟ್ಟಿಗೆಯ ಹಿಂದೆ ನಿಂತದ್ದನ್ನು ಅವ್ವ ನೋಡಿ, "ಏ ಮೂಳಾ, ಎತ್ತಿನಂಗ ನಿಂತು ಹೊಯ್ತೀಯಲ್ಲೋ! ಸರಕಾರದವರು ಕಾಲು ಮಡಚೂದ ಬಿಡಸ್ಯಾರೇನು?" ಎಂದು ಓಣಿಗೆಲ್ಲ ಕೇಳುವಂತೆ ಬೈದಿದ್ದಳು. ರುಕ್ಮವ್ವ ಆಗ ಇನ್ನೂ ಲಗ್ನವಾಗದ ಹುಡುಗಿ. ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಿದ್ದಳು. ಖಂಡೆಪ್ಪನಿಗೆ ನಾಚಿಕೆಯಾಗಲಿಲ್ಲ. ನಿಂತು ಹೋಗುವುದು ನೌಕರಿಯವರ ಗತ್ತು ಅನಿಸಿತ್ತು. ನೌಕರಿ ಮುಗಿಯಿತು, ಪಾಟ್ಲೂನು ಹೋಗಿ ಮೊದಲಿನ ಧೋತರ ಬಂತು. ಮೈ ಮಾತ್ರ ನಿಂತದ್ದು ನಿಂತೇ ಇತ್ತು.

ಹೊರ್ತಿ ಊರು ದಾಟಿದ ಮೇಲೆ ಖಂಡೆಪ್ಪ ಗಾಡಿ ನಿಲ್ಲಿಸು ಅಂದ. ಜಾಲಿಯ ಮರೆಗೆ ಹೋಗಿ ನಿಂತ. ಗುಡುಸಾಬನೂ ಇಳಿದು ತನ್ನ ಬದನಿ ತಂಬಿಗೆಯಲ್ಲಿ ನೀರು ತಗೊಂಡು ಇನ್ನೊಂದು ಗಿಡದ ಹಿಂದೆ ಹೋಗಿ ಕುಂತ, ಮುಗಿಸಿದ, ತೊಳೆದುಕೊಂಡ, ಬಂದು ಬೀಡಿ ಹಚ್ಚಿದ. ಬೀಡಿ ಮುಗಿಯಿತು. ಎತ್ತುಗಳು ಬದುವಿನ ಹುಲ್ಲು ಮೇದವು. ಖಂಡೆಪ್ಪ ಮುಖ ಕೆಂಪಗೆ ಮಾಡಿಕೊಂಡು ಬಂದು ಗಾಡಿ ಏರಿದ. ಎರಡು ಹೊಲ ದಾಟಿತ್ತೋ ಇಲ್ಲವೋ.

"ಗುಡ್ಯಾ, ಇನ್ನೊಮ್ಮಿ ನಿಂದ್ರಸೋ."

ಗುಡುಸಾಬ ನಿಲ್ಲಿಸಿದ. ಆದರೆ ಈ ಸಲ ಸುಮ್ಮನಿರಲಿಲ್ಲ.

"ಖಂಡ್ಯಾ, ಒಂದ ಮಾತ ಹೇಳ್ತೇನಿ, ಸಿಟ್ಟಾಗಬ್ಯಾಡ. ನೌಕರಿ ಬಿಟ್ಟು ಎಷ್ಟ ವರ್ಷಾತು? ಇನ್ನೂ ಸಾಹೇಬನ ಮುಂದ ನಿಂತಂಗ ಅಟೆನ್ಶನ್ ನಿಂತೀಯಲ್ಲೋ! ಇಲ್ಲಿ ಯಾ ಸಾಹೇಬ ಅದಾನ? ಕುಂಡ್ರು."

"ಮೊಣಕಾಲ ಕೇಳಂಗಿಲ್ಲೊ."

"ಗಿಡದ ಬೊಡ್ಡಿ ಹಿಡಕೊಂಡು ಕುಂಡ್ರು. ನಮ್ಮ ಮಂದಿ ಸಾಯೂತನಾ ಕುಂತ ಹೋಗ್ತಾರ. ನಮ್ಮಪ್ಪಗ ಇದ ಬ್ಯಾನಿ ಇತ್ತು. ನಿಂದ್ರಲಿಲ್ಲ, ಅವಸರ ಮಾಡಲಿಲ್ಲ. ನಾನರೆ ಡಾಕ್ಟರಲ್ಲ, ನಮ್ಮ ಮನ್ಯಾಗ ನೋಡಿದ್ದು ಹೇಳ್ತೇನಿ."

ಖಂಡೆಪ್ಪ ಹೋದ. ಜಾಲಿಯಲ್ಲಿ ಮುಳ್ಳಿತ್ತು. ಅದನ್ನು ಬಿಟ್ಟು ಬೇವಿನ ಗಿಡದ ಬೊಡ್ಡೆ ಹಿಡಿದು ಮೆಲ್ಲಗೆ ಕುಂತ. ಮೊಣಕಾಲು ಎರಡೂ ಲಟಲಟ ಅಂದವು. ಹಿಮ್ಮಡಿ ಹಸಿಮಣ್ಣಿಗೆ ಊರಿತು. ಮೊದಲು ಏನೂ ಆಗಲಿಲ್ಲ. ಎದ್ದುಬಿಡಬೇಕು ಅನಿಸಿತು. ಆದರೆ ಕುಂತ ಮೇಲೆ ಏಳುವುದೂ ಸುಲಭವಿರಲಿಲ್ಲ, ಅದಕ್ಕೇ ಕುಂತ. ಎದುರಿಗೆ ಒಂದು ಗೊದ್ದ ಇರುವೆ ತನಗಿಂತ ದೊಡ್ಡ ಕಾಳು ಎಳೆದುಕೊಂಡು ಹೋಗುತ್ತಿತ್ತು. ಅದನ್ನೇ ನೋಡುತ್ತ ಕುಂತ. ತೊಡೆ ಸಡಿಲಾಯಿತು, ಹೊಟ್ಟೆಯ ಕೆಳಗಿನ ಬಿಗಿ ಸಡಿಲಾಯಿತು. ತಾನು ತಿಣುಕದೆ ನೀರು ತಾನಾಗಿ ಇಳಿಯತೊಡಗಿತು. ಧಾರೆ ದಪ್ಪವಿರಲಿಲ್ಲ, ಸಣ್ಣದೇ. ಆದರೆ ನಡುನಡುವೆ ಕಡಿಯಲಿಲ್ಲ. ನಿಂತಿತು ಅನ್ನುವಷ್ಟರಲ್ಲಿ ಮತ್ತೆ ಒಂದಿಷ್ಟು ಬಂತು. ಒಳಗೆ ಏನೂ ಉಳಿದಿಲ್ಲ ಎಂಬ ಹಗುರನ್ನು ಅವನ ಮೈ ಎಷ್ಟೋ ದಿನಕ್ಕೆ ಕಂಡಿತು. ಕಣ್ಣಲ್ಲಿ ನೀರು ಬಂದವು. ಇದಕ್ಕೂ ಅಳುವುದೇ ಎಂದು ತನಗೇ ನಗೆಯೂ ಬಂತು.

"ಏನೋ ನಗಾಕತ್ತಿ?" ಗುಡುಸಾಬ ಗಾಡಿಯಿಂದಲೇ ಕೂಗಿದ. "ಹೊಳಿ ಬಂತೇನು?"

"ಹೊಳಿ ಅಲ್ಲೊ. ಹಳ್ಳ."

"ಹಳ್ಳರೆ ಬರಲಿ ಮಾರಾಯ. ಶ್ರಾವಣ ಐತಿ!"

ಕುಂತದ್ದಕ್ಕೆ ರೋಗ ಹೋಯಿತು ಎಂದು ಯಾರೂ ತಿಳಿಯಬಾರದು. ಗ್ರಂಥಿ ಇದ್ದಲ್ಲೇ ಇತ್ತು, ಮುಂದೆ ಅವನು ಮಿರಜಿಗೆ ಹೋಗಿ ಆಪರೇಶನ್ನನ್ನೂ ಮಾಡಿಸಿಕೊಂಡ. ಆದರೆ ಆ ದಿನದಿಂದ ಅವನಿಗೆ ದಾರಿ ನಡೆಯುವ ಧೈರ್ಯ ಬಂತು. ಅವತ್ತು ಗಾಡಿ ಬಿಜಾಪುರದ ಗೋಳಗುಮ್ಮಟ ಕಾಣುವ ತನಕ ಅವನು ಮತ್ತೆ ನಿಲ್ಲಿಸು ಅನ್ನಲಿಲ್ಲ. ಗುಡುಸಾಬ ಎತ್ತಿಗೆ ನೀರು ಕುಡಿಸಲು ಬಾವಿಗೆ ನಿಲ್ಲಿಸಿದಲ್ಲೆಲ್ಲ ತಾನೂ ಇಳಿದು ಹೊಟ್ಟೆ ತುಂಬ ನೀರು ಕುಡಿದ. ಪ್ರವಾಸ ಅಂದರೆ ನೀರು ಬಿಟ್ಟು ಒಣಗುವುದು ಎಂದು ಕಲಿತಿದ್ದವನು ಅವನು. ಬಿಜಾಪುರದ ಹೊರಗೆ ವಸ್ತಿ ಮಾಡಿ, ಮರುದಿನ ಊಟದ ಹೊತ್ತಿಗೆ ಮನಗೂಳಿ ಮುಟ್ಟಿದರು.

ರುಕ್ಮವ್ವ ಕಟ್ಟೆಯ ಮೇಲೆ ಮೊರದಲ್ಲಿ ಕಾಳು ಹಸನು ಮಾಡುತ್ತಿದ್ದಳು. ಗಾಡಿ ನಿಂತದ್ದು ನೋಡಿದಳು, ಇಳಿದವನನ್ನೂ ನೋಡಿದಳು. ಓಡಿ ಬರಲಿಲ್ಲ. ಒಳಗೆ ಹೋಗಿ ತಂಬಿಗೆ ತಂದು ಅವನ ಮುಂದೆ ಇಟ್ಟಳು.

"ಕೈಕಾಲ ತೊಳಕೊಳ್ರಿ."

ಖಂಡೆಪ್ಪ ಆ 'ರಿ' ಕೇಳಿ ತಂಬಿಗೆ ಮುಟ್ಟದೆ ನಿಂತ. ಹುಟ್ಟಿದಾಗಿನಿಂದ ಅವಳು ಅಣ್ಣನಿಗೆ ನೀನು ಅಂದವಳು. ಅವಳ ಲಗ್ನದಲ್ಲಿ, ಅಪ್ಪ ಸತ್ತಾಗ, ಅವನು ಸಾಹೇಬರ ಜೀಪಿನಲ್ಲಿ ಊರಿಗೆ ಬಂದಾಗ, ಯಾವಾಗಲೂ ನೀನೇ.

"ರುಕ್ಕವ್ವಾ, ಪಂಚಮಿಗೆ ಕರಿಯಾಕ ಬಂದೇನಿ."

"ದಾರಿ ನೆನಪಿತ್ತೇನ್ರಿ?"

"ಆ ವರ್ಷ ಹೊಂಟಿದ್ದೆ ಯವ್ವಾ. ಬಿಜಾಪುರದಾಗ ಬಸ್ಸು ತಪ್ಪತು."

"ಒಂದು ಬಸ್ಸು ಎರಡು ವರ್ಷ ತಪ್ಪತೈತೇನ್ರಿ?"

ಅವನ ಹತ್ತಿರ ಇದ್ದ ಉತ್ತರ ತಂಗಿಗೆ ಹೇಳುವಂಥದ್ದಲ್ಲ. ಅವಳು ಮೊರ ಕೇರುತ್ತ ಅಂದಳು, "ನನ್ನ ಕಡಿಂದ ಏನ ತಪ್ಪಾಗೇತಿ ಹೇಳ್ರಿ. ಹೊಲದಾಗ ಪಾಲ ಕೇಳಿಲ್ಲ. ಶೇವಂತೆವ್ವ ವೈನಿಗೆ ಒಂದು ಮಾತು ಅಂದಿಲ್ಲ. ಸುಮ್ಮಸುಮ್ಮನ ಬಿಟ್ರಿ ಅಂದ್ರ ನಾ ಏನ ತಿಳಕೊಳ್ಳಿ? ಹೇಳಿದ್ರ ಬರ್ತೇನಿ. ಹೇಳದಿದ್ರ ಉಂಡು ಹೋಗ್ರಿ."

ಗುಡುಸಾಬ ಬಾಯಿ ತೆರೆದ. ಖಂಡೆಪ್ಪ ಕಣ್ಣು ಬಿಟ್ಟು ನೋಡಿದ. "ನಜಮಾ ಕಾಯಾಕತ್ತಾಳು" ಎಂದು ಗುಡುಸಾಬ ಗಾಡಿ ಹೊಡೆದುಕೊಂಡು ಅತ್ತ ಹೋದ.

ರುಕ್ಮವ್ವನ ಗಂಡ ಶಂಕರೆಪ್ಪ ಹೊಲದಿಂದ ಬಂದ. ಖಂಡೆಪ್ಪನ ಓರಗೆಯವನು, ಮೆತ್ತಗಿನ ಮನುಷ್ಯ. ಇಬ್ಬರೂ ಊಟಕ್ಕೆ ಕುಂತರು. ರುಕ್ಮವ್ವ ರೊಟ್ಟಿ ನೀಡಿದಳು, ಬೆಣ್ಣೆ ನೀಡಿದಳು, ಅಣ್ಣನಿಗೆ ಸೇರುವ ಪುಂಡಿಪಲ್ಲೆಯನ್ನೂ ಮಾಡಿದ್ದಳು. ಮಾತು ಮಾತ್ರ ನೀಡಲಿಲ್ಲ. ಖಂಡೆಪ್ಪ ಕೈ ತೊಳೆದವನೇ ಹಿತ್ತಲಿಗೆ ಹೋಗಿ ಬಣವಿಯ ಮರೆಯಲ್ಲಿ ಕುಂತ.

ಏಳುವಾಗ ಹಿಡಿಯಲು ಏನೂ ಸಿಗದೆ ಮತ್ತೆ ಕುಂತ. ಅಷ್ಟರಲ್ಲಿ ಶಂಕರೆಪ್ಪ ಕೆಮ್ಮಿಕೊಂಡು ಬಂದು, ಅವನ ರಟ್ಟೆ ಹಿಡಿದು ಎಬ್ಬಿಸಿದ.

"ಬಾಳ ಹೊತ್ತಾತು, ಹುಳಹುಪ್ಪಡಿ ಏನರೆ ಮುಟ್ಟಿತೋ ಅಂತ ಬಂದೆ. ಏನಾಗೇತಿ ಖಂಡೆಪ್ಪಣ್ಣ?"

ಗಂಡಸಿನ ಮುಂದೆ ಹೇಳಬಹುದಿತ್ತು. ಖಂಡೆಪ್ಪ ಹೇಳಿದ. ಬಸ್‌ಸ್ಟ್ಯಾಂಡಿನ ಗೋಡೆ, ನಕ್ಕ ಮಂದಿ, ಸೀಟಿ, ಹೋದ ಗಂಟು, ಮರುವರ್ಷದ ಮೊಣಕಾಲಿನ ಸುಳ್ಳು, ಎಲ್ಲ. "ಒಂದಕ್ಕ ಬರಲಿಲ್ಲ ಅಂತ ತಂಗೀನ ಬಿಟ್ಟೆ ಅಂತ ಹೆಂಗ ಹೇಳ್ಲಿ ಶಂಕರೆಪ್ಪಾ? ಅಕಿ ನನ್ನ ಮುಖಕ್ಕ ಉಗಳ್ತಾಳ" ಅಂದ.

ಶಂಕರೆಪ್ಪ ಅವನನ್ನು ಬಣವಿಯ ಇನ್ನೊಂದು ತುದಿಗೆ ಕರೆದುಕೊಂಡು ಹೋದ. ಅಲ್ಲಿ ಎರಡು ಚಪ್ಪಟೆ ಕಲ್ಲು ಹೂಳಿದ್ದರು. ಮುಂದೆ ಕೈಗೆ ಸಿಗುವಂತೆ ಒಂದು ಗೂಟ ಬಡಿದಿದ್ದರು. ಗೂಟದ ತುದಿ ಕೈ ಹತ್ತಿ ನುಣ್ಣಗಾಗಿತ್ತು.

"ಇದು ನಂದು" ಅಂದ ಶಂಕರೆಪ್ಪ. "ನೀ ಒಬ್ಬಾವನೇ ಅಂತ ತಿಳದೀಯೇನು? ಈ ಓಣ್ಯಾಗ ನಮ್ಮ ವಾರಗಿ ಗಂಡಸರು ಮೂರು ಮಂದಿ ಹಿಂಗ ಅದೀವಿ. ಎದ್ದೇಳೂವಾಗ ಬೀಳ್ತೇನಿ ಅಂತ ನಿನ್ನ ತಂಗೀನೇ ಗೂಟ ಬಡಸ್ಯಾಳು."

ಬಣವಿಯ ಆಚೆ ಕುಳ್ಳಿನ ಬುಟ್ಟಿ ಕೆಳಗಿಟ್ಟ ಸಪ್ಪಳವಾಯಿತು. ರುಕ್ಮವ್ವ ಈಚೆ ಬರಲಿಲ್ಲ. ಬಣವಿಯ ಆಚೆಯಿಂದಲೇ ಮಾತು ಬಂತು.

"ಅಣ್ಣಾ."

"ಏನ ಯವ್ವಾ."

"ಇಷ್ಟಕ್ಕ ಎರಡು ವರ್ಷ ನನ್ನ ಅಳಸಿದೇನೋ?"

ಖಂಡೆಪ್ಪ ಬಣವಿಯ ಕಣಿಕೆಯನ್ನು ಸುಮ್ಮನೆ ಕೀಳುತ್ತ ನಿಂತ. "ಹೆಂಗ ಹೇಳ್ಲವಾ ನಿನಗ" ಅಂದ.

"ಗಂಟು ಹೋದ್ರ ಹೋಗವಲ್ದ್ಯಾಕ. ಬರಿಗೈಲೆ ಬಂದಿದ್ರ ಓಡಸ್ತಿದ್ದೆನೇನು? ನಾ ಏನ ಉಂಡಿ ಕಾಣದಾಕಿನೇನೋ?" ಮೂಗು ಒರೆಸಿಕೊಂಡ ಸಪ್ಪಳ ಕೇಳಿತು. "ಅವ್ವ ಅವತ್ತ ಬೈದಾಗ ಕೇಳಿದ್ರ ಇಷ್ಟಾಗ್ತಿದ್ದಿಲ್ಲ."

ಶಂಕರೆಪ್ಪನಿಗೆ ಯಾವ ಬೈಗುಳ ಎಂದು ತಿಳಿಯಲಿಲ್ಲ. ಖಂಡೆಪ್ಪನಿಗೆ ತಿಳಿಯಿತು. ಸೆರಗು ಒತ್ತಿಕೊಂಡು ನಕ್ಕ ಹುಡುಗಿ ಬಣವಿಯ ಆಚೆ ನರೆತ ತಲೆಯಲ್ಲಿ ನಿಂತಿದ್ದಳು. ಅವನು ನಕ್ಕ. ಆಚೆಯಿಂದಲೂ ಅಳುವಿನ ನಡುವೆ ಒಂದು ನಗೆ ಬಂತು.

ಮರುದಿನ ಬಿಸಿಲೇರುವ ಮೊದಲೇ ಗಾಡಿ ಹೊರಟಿತು. ನಜಮಾ ಓಣಿಯ ತುದಿಯ ತನಕ ಬಂದು ಕಳಿಸಿದಳು. ರುಕ್ಮವ್ವ ಹೊಸ ಸೀರೆ ಉಟ್ಟು, ಸಣ್ಣ ಟ್ರಂಕು ಪಕ್ಕಕ್ಕೆ ಇಟ್ಟುಕೊಂಡು, ಕಾಲು ಇಳಿಬಿಟ್ಟು ಗಾಡಿಯ ಹಿಂದೆ ಕುಂತಳು. ಮನಗೂಳಿಯ ಹೊಲಗಳು ದಾಟಿದವು. ಖಂಡೆಪ್ಪ ಕುಂತಲ್ಲೇ ಆ ಕಡೆ ಈ ಕಡೆ ಮಿಸುಕಾಡತೊಡಗಿದ. ತಂಗಿ ಗಾಡಿಯಲ್ಲಿರುವಾಗ ಬಾಯಿಬಿಟ್ಟು ಹೇಳಲು ಇನ್ನೂ ನಾಲಿಗೆ ಏಳಲಿಲ್ಲ. ಗುಡುಸಾಬ ಎತ್ತಿನ ಬಾಲ ಮುರಿದು ಜೋರಾಗಿ ಹೊಡೆಯುತ್ತಿದ್ದ.

"ಗುಡೂ ಅಣ್ಣಾ, ಗಾಡಿ ನಿಂದ್ರಸ್ರಿ" ಅಂದಳು ರುಕ್ಮವ್ವ. "ನನ್ನ ಕಾಲು ಜೋಮು ಹಿಡದಾವು. ತುಸು ಅಡ್ಡಾಡ್ತೇನಿ."

ಗಾಡಿ ನಿಂತಿತು. ಅವಳು ಇಳಿದು, ಯಾರ ಕಡೆಯೂ ನೋಡದೆ, ದಾರಿಯ ಮುಂದಕ್ಕೆ ನಡೆದಳು. ಬೆನ್ನು ಇತ್ತ, ಮುಖ ಝಳಕಿಯ ಕಡೆ. ಅಷ್ಟು ದೂರ ಹೋಗಿ ನಿಂತು, ತಿರುಗದೆಯೇ ಗಟ್ಟಿಯಾಗಿ ಕೇಳಿದಳು, "ಗುಡೂ ಅಣ್ಣಾ, ಆ ಸಿಟ್ಟಿನ ಮುದುಕಿ ಬಾವಿ ಇನ್ನೂ ಐತೇನ್ರಿ?"

"ಅದ್ಯಾವ ಬಾವಿಬೇ?"

ಅವಳು ಹೇಳತೊಡಗಿದಳು. ಆ ಬಾವಿ ಎಲ್ಲಿತ್ತು, ಅದರ ಮುದುಕಿ ಕೊಡ ಮುಟ್ಟಿದರೆ ಏನಂತ ಬೈಯುತ್ತಿದ್ದಳು, ಅಪ್ಪ ಹೆಂಗೆ ಅವಳಿಗೆ ಕೈಮುಗಿದು ನೀರು ಕೇಳುತ್ತಿದ್ದ. ಅವಸರವಿಲ್ಲದೆ, ಬೇಕೆಂದೇ ಉದ್ದ ಮಾಡಿ ಹೇಳಿದಳು. ಬೇವಿನ ಬೊಡ್ಡೆ ಹಿಡಿದು ಕುಂತ ಖಂಡೆಪ್ಪನಿಗೆ ಎಲ್ಲ ಕೇಳುತ್ತಿತ್ತು. ಅವನೂ ಅವಸರ ಮಾಡಲಿಲ್ಲ.

ಎದ್ದು ಕೈ ತೊಳೆದುಕೊಂಡು ಗಾಡಿಯ ಹತ್ತಿರ ಬಂದು, "ರುಕ್ಕವ್ವಾ, ನಿನ್ನ ಕಾಲಿನ ಜೋಮು ಬಿಟ್ಟತೇನು?" ಎಂದು ಕೂಗಿದ.

"ಬಿಟ್ಟತು ನೋಡು" ಎಂದು ಅವಳು ತಿರುಗಿ ಬಂದಳು. ಗಾಡಿ ಏರಲು ಅಣ್ಣ ಕೈ ಕೊಟ್ಟ.